ಎರಡು ಪದಕಗಳ ಜನರಲ್ ಯುದ್ಧವನ್ನು ದಂಧೆ ಎಂದದ್ದು: ಸ್ಮೆಡ್ಲಿ ಬಟ್ಲರ್ ಬದಲಾದ ಬಗೆ

1935ರ ನವೆಂಬರ್‌ನಲ್ಲಿ 'ಕಾಮನ್ ಸೆನ್ಸ್' ಎಂಬ ಅಮೆರಿಕದ ನಿಯತಕಾಲಿಕದಲ್ಲಿ ನಿವೃತ್ತ ಸೇನಾಧಿಕಾರಿಯೊಬ್ಬರ ಬರಹ ಪ್ರಕಟವಾಯಿತು. ತಾವು 33 ವರ್ಷ 4 ತಿಂಗಳು ಮರೀನ್ ಪಡೆಯಲ್ಲಿ, ಅಂದರೆ ಹಡಗಿನಿಂದ ದಡಕ್ಕಿಳಿದು ಹೋರಾಡುವ ಸೇನೆಯಲ್ಲಿ, ಸೇವೆ ಸಲ್ಲಿಸಿದ್ದಾಗಿಯೂ, ಆ ಅವಧಿಯ ಬಹುಭಾಗವನ್ನು ದೊಡ್ಡ ಉದ್ಯಮಗಳಿಗೆ, ವಾಲ್ ಸ್ಟ್ರೀಟಿಗೆ ಮತ್ತು ಬ್ಯಾಂಕುದಾರರಿಗೆ ತೋಳ್ಬಲ ಒದಗಿಸುವುದರಲ್ಲಿ ಕಳೆದದ್ದಾಗಿಯೂ ಅವರು ಬರೆದಿದ್ದರು. ಷಿಕಾಗೋದ ಕುಖ್ಯಾತ ಪಾತಕಿ ಅಲ್ ಕಪೋನ್ ತನ್ನ ದಂಧೆಯನ್ನು ನಡೆಸಿದ್ದು ಮೂರು ವಾರ್ಡುಗಳಲ್ಲಿ ಮಾತ್ರ, ತಾನು ಮೂರು ಖಂಡಗಳಲ್ಲಿ ನಡೆಸಿದೆ ಎಂಬ ಕುಹಕವೂ ಅದರಲ್ಲಿತ್ತು. ಬರೆದವರು ಮೇಜರ್ ಜನರಲ್ ಸ್ಮೆಡ್ಲಿ ಬಟ್ಲರ್. ಅಮೆರಿಕದ ಅತ್ಯುನ್ನತ ಶೌರ್ಯ ಪ್ರಶಸ್ತಿಯಾದ ಮೆಡಲ್ ಆಫ್ ಆನರ್ ಅನ್ನು ಎರಡು ಬೇರೆಬೇರೆ ಕಾರ್ಯಾಚರಣೆಗಳಿಗಾಗಿ ಎರಡು ಸಲ ಪಡೆದವರು ಇಡೀ ಮರೀನ್ ಪಡೆಯಲ್ಲಿ ಇಬ್ಬರೇ, ಅವರಲ್ಲಿ ಒಬ್ಬರು ಈ ಬಟ್ಲರ್.

ಇಂಥ ಬದಲಾವಣೆಯನ್ನು ವಿವರಿಸಲು ಸಾಮಾನ್ಯವಾಗಿ ಎರಡು ಕಥೆಗಳು ಬಳಕೆಯಲ್ಲಿವೆ. ಮೆಚ್ಚುವವರ ಪ್ರಕಾರ ಇದು ಜ್ಞಾನೋದಯ: ಸೈನಿಕನ ಕಣ್ಣಿಗೆ ಒಂದು ದಿನ ಸತ್ಯ ಬಿತ್ತು, ಅವನು ಅದನ್ನು ಸಾರಿದ. ಜರೆಯುವವರ ಪ್ರಕಾರ ಇದು ಹೊಟ್ಟೆಯುರಿ: ಸಿಗಬೇಕಾಗಿದ್ದ ಹುದ್ದೆ ಸಿಗಲಿಲ್ಲ, ಆದ್ದರಿಂದ ತಿರುಗಿಬಿದ್ದ. ಬಟ್ಲರ್ ಅವರ ಬದುಕಿನಲ್ಲಿ ಎರಡಕ್ಕೂ ಸ್ವಲ್ಪ ಆಧಾರ ಸಿಗುತ್ತದೆ, ಆದರೆ ಎರಡೂ ಸಾಲುವುದಿಲ್ಲ. ಏಕೆಂದರೆ 1935ರಲ್ಲಿ ಅವರು ಲೋಕಕ್ಕೆ ಹೇಳಿದ ಸಂಗತಿ ಅವರಿಗೆ ಕಾಲು ಶತಮಾನದಷ್ಟು ಹಿಂದೆಯೇ ಗೊತ್ತಿತ್ತು. 1910ರಲ್ಲಿ ನಿಕರಾಗುವಾದ ಕಡಲತೀರದಿಂದ ತಂದೆತಾಯಿಗೆ ಬರೆದ ಪತ್ರದಲ್ಲಿಯೇ, ಅಲ್ಲಿನ ಕ್ರಾಂತಿಗೆ ಹಣ ಹೂಡಿದವರು ಅಮೆರಿಕನ್ನರೆಂದೂ, ಅಲ್ಲಿ ಸಿಕ್ಕಿಹಾಕಿಕೊಂಡ ತಮ್ಮ ಬಂಡವಾಳವನ್ನು ಲಾಭಕ್ಕೆ ತರಲು ತಮಗೆ ಏಕಸ್ವಾಮ್ಯ ಕೊಡುವ ಸರ್ಕಾರವೊಂದು ಅವರಿಗೆ ಬೇಕಾಗಿದೆಯೆಂದೂ, ಇಡೀ ವ್ಯವಹಾರ ಕೊಳೆತುಹೋಗಿದೆಯೆಂದೂ ಅವರು ಸಿಟ್ಟಿನಿಂದ ತೋಡಿಕೊಂಡಿದ್ದರು. ಹಾಗೆ ಬರೆದವರು ಮುಂದೆ ಎರಡು ದಶಕ ಅದೇ ಕೆಲಸವನ್ನು ಚಾಚೂ ತಪ್ಪದೆ ಮಾಡಿದರು. ಹಾಗಾಗಿ ಅವರಿಗೆ ಸತ್ಯ ಯಾವಾಗ ತಿಳಿಯಿತು ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ. ತಿಳಿದದ್ದು ಇಷ್ಟು ತಡವಾಗಿ ರಾಜಕೀಯವಾದದ್ದು ಹೇಗೆ ಎಂದು ಕೇಳಬೇಕು.

ಬಟ್ಲರ್ ಹುಟ್ಟಿದ್ದು 1881ರಲ್ಲಿ, ಪೆನ್ಸಿಲ್ವೇನಿಯಾದ ವೆಸ್ಟ್ ಚೆಸ್ಟರ್‌ನಲ್ಲಿ, ಯುದ್ಧವನ್ನು ತತ್ವತಃ ಒಪ್ಪದ ಕ್ವೇಕರ್ ಪಂಥದ ಮನೆಯಲ್ಲಿ. 1898ರಲ್ಲಿ ಸ್ಪೇನ್ ವಿರುದ್ಧ ಯುದ್ಧ ಘೋಷಣೆಯಾದಾಗ ಹದಿನಾರರ ಹುಡುಗ ವಯಸ್ಸಿನ ಬಗ್ಗೆ ಸುಳ್ಳು ಹೇಳಿ ಮರೀನ್ ಪಡೆ ಸೇರಿದ. ತಂದೆ ಥಾಮಸ್ ಬಟ್ಲರ್ ಅಮೆರಿಕದ ಕಾಂಗ್ರೆಸ್ಸಿನ ಸದಸ್ಯರಾಗಿದ್ದು, ಮುಂದೆ ನೌಕಾಪಡೆಯ ವ್ಯವಹಾರಗಳ ಸಮಿತಿಯ ಅಧ್ಯಕ್ಷರೂ ಆದರು. ಮಗ ಪರದೇಶದಿಂದ ಬರೆದ ಸಿಟ್ಟಿನ ಪತ್ರಗಳು ತಲುಪುತ್ತಿದ್ದುದು ಇಂಥ ಮನೆಗೆ. ಮನೆಯೊಳಗೆ ಎಲ್ಲವನ್ನೂ ಹೇಳಬಹುದಿತ್ತು, ಹೊರಗೆ ಏನನ್ನೂ ಹೇಳಬೇಕಾಗಿರಲಿಲ್ಲ. ಕ್ಯೂಬಾ, ಫಿಲಿಪೀನ್ಸ್, ಬಾಕ್ಸರ್ ದಂಗೆಯ ಕಾಲದ ಚೀನಾ, ಹೊಂಡುರಾಸ್, ಪನಾಮಾ, ನಿಕರಾಗುವಾ, ಮೆಕ್ಸಿಕೊ, ಹೈಟಿ ಎಂದು ಅವರ ಸೇವೆಯ ಪಟ್ಟಿ ಬೆಳೆಯಿತು.

ಅವರ ಮುಂದಿನ ಟೀಕೆ ಅರ್ಥವಾಗಬೇಕಾದರೆ ಈ ದೇಶಗಳಲ್ಲಿ ಮರೀನ್‌ಗಳು ನಿಜಕ್ಕೂ ಯಾವ ಕೆಲಸ ಮಾಡುತ್ತಿದ್ದರು ಎಂಬುದನ್ನು ನೋಡಬೇಕು. ಅಧ್ಯಕ್ಷ ಟಾಫ್ಟ್ ಅವರ ಕಾಲದಲ್ಲಿ 'ಡಾಲರ್ ರಾಜತಾಂತ್ರಿಕತೆ' ಎಂದು ಹೆಸರಾದ ನೀತಿಯ ತಿರುಳು ಸಾಲ. ಮಧ್ಯ ಅಮೆರಿಕದ ಸಣ್ಣ ದೇಶಗಳಿಗೆ ಆದಾಯದ ಮುಖ್ಯ ಮೂಲ ಬಂದರಿನ ಆಮದು-ರಫ್ತು ಸುಂಕ. ಅಲ್ಲಿನ ಸರ್ಕಾರಕ್ಕೆ ನ್ಯೂಯಾರ್ಕಿನ ಬ್ಯಾಂಕುಗಳು ಸಾಲ ಕೊಡುತ್ತವೆ, ಆ ಸಾಲಕ್ಕೆ ಸುಂಕದ ವರಮಾನವೇ ಒತ್ತೆ, ಸುಂಕ ವಸೂಲಿಯ ಮುಖ್ಯ ಅಧಿಕಾರಿ ಅಮೆರಿಕದ ಒಪ್ಪಿಗೆ ಪಡೆದವನು. ಸಾಲ ಕೊಟ್ಟ ಸಾಹುಕಾರ ಸಾಲಗಾರನ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ತನ್ನದೇ ಗುಮಾಸ್ತನನ್ನು ಕೂರಿಸಿದಂತೆ. ಈ ಏರ್ಪಾಡಿಗೆ ಒಪ್ಪದ ಬಣವೊಂದು ಬಂಡೆದ್ದರೆ ಸುಂಕದ ಕಟ್ಟೆಗೂ ರೈಲುದಾರಿಗೂ ಅಪಾಯ, ಆಗ ಅಮೆರಿಕನ್ನರ ಪ್ರಾಣ ಮತ್ತು ಆಸ್ತಿಯ ರಕ್ಷಣೆ ಎಂಬ ಕಾರಣ ಕೊಟ್ಟು ಮರೀನ್‌ಗಳು ಇಳಿಯುತ್ತಾರೆ.

ನಿಕರಾಗುವಾದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. 1909ರಲ್ಲಿ ಅಧ್ಯಕ್ಷ ಸೆಲಾಯಾ ಅಧಿಕಾರ ಕಳೆದುಕೊಂಡರು. ಸ್ವಲ್ಪ ಕಾಲದಲ್ಲೇ ಅಧ್ಯಕ್ಷ ಪದವಿಗೆ ಬಂದ ಅಡಾಲ್ಫೊ ಡೀಯಾಸ್ ಅದಕ್ಕೆ ಮೊದಲು ಅಮೆರಿಕದ ಗಣಿ ಕಂಪನಿಯೊಂದರ ನೌಕರರಾಗಿದ್ದವರು. 1911ರಲ್ಲಿ ನ್ಯೂಯಾರ್ಕಿನ ಬ್ಯಾಂಕುಗಳಾದ ಬ್ರೌನ್ ಬ್ರದರ್ಸ್ ಮತ್ತು ಸೆಲಿಗ್‌ಮನ್ ಸಂಸ್ಥೆಗಳಿಂದ 15 ಲಕ್ಷ ಡಾಲರ್ ಸಾಲ ಬಂತು, ಸುಂಕದ ಆಡಳಿತ ಅಮೆರಿಕದವನ ಕೈಗೆ ಹೋಯಿತು. 1912ರಲ್ಲಿ ದಂಗೆ ಎದ್ದಾಗ ಪನಾಮಾದಿಂದ ತಮ್ಮ ತುಕಡಿಯೊಂದಿಗೆ ಬಂದು, ಬಂಡುಕೋರರ ಹಿಡಿತದಲ್ಲಿದ್ದ ರೈಲುದಾರಿಯನ್ನು ಗ್ರಾನಡಾ ನಗರದವರೆಗೆ ತೆರವುಗೊಳಿಸಿದವರು ಬಟ್ಲರ್. ಎರಡು ವರ್ಷ ಹಿಂದೆ ಆ ಪತ್ರವನ್ನು ಬರೆದದ್ದೂ ಅವರೇ. ಈ ವೈರುಧ್ಯಕ್ಕೆ ಅವರೇ ಕೊಟ್ಟ ಉತ್ತರ ಪ್ರಾಮಾಣಿಕವಾಗಿದೆ: ಮೇಲಿನವರ ಆಜ್ಞೆ ಪಾಲಿಸುತ್ತಿದ್ದಷ್ಟು ಕಾಲ ತನ್ನ ಬುದ್ಧಿಶಕ್ತಿ ಚಲನೆಯಿಲ್ಲದೆ ತೂಗಿಬಿದ್ದಿತ್ತು, ಸೇನೆಯಲ್ಲಿರುವ ಎಲ್ಲರ ಸ್ಥಿತಿಯೂ ಇದೇ ಎಂದು ಅವರು ನಿವೃತ್ತಿಯ ನಂತರ ಬರೆದರು. ಆದರೆ ಇದು ಅರ್ಧ ಸತ್ಯ ಎಂದು ನನಗೆ ತೋರುತ್ತದೆ. ಬುದ್ಧಿ ನಿಂತಿರಲಿಲ್ಲ, ಪತ್ರಗಳೇ ಅದಕ್ಕೆ ಸಾಕ್ಷಿ. ತನ್ನ ತಿಳಿವಿಗೆ ತಾನು ಯಾರಿಗೂ ಉತ್ತರ ಹೇಳಬೇಕಾಗಿಲ್ಲ ಎಂಬ ಅನುಕೂಲವನ್ನು ಸಮವಸ್ತ್ರ ಕೊಟ್ಟಿತ್ತು, ಅಷ್ಟೆ.

1914ರಲ್ಲಿ ಮೆಕ್ಸಿಕೊದ ವೆರಾಕ್ರೂಸ್ ಬಂದರನ್ನು ವಶಪಡಿಸಿಕೊಂಡಾಗ ಅವರಿಗೆ ಮೊದಲ ಮೆಡಲ್ ಆಫ್ ಆನರ್ ಬಂತು. ತಾನು ಅದಕ್ಕೆ ಅರ್ಹನಾಗುವಂಥದ್ದೇನನ್ನೂ ಮಾಡಿಲ್ಲವೆಂದು ಅವರು ಪದಕವನ್ನು ಹಿಂದಿರುಗಿಸಲು ನೋಡಿದರು, ಇಟ್ಟುಕೊಳ್ಳಬೇಕು ಮತ್ತು ಧರಿಸಬೇಕು ಎಂಬ ಆದೇಶ ಬಂತು. ಎರಡನೆಯದು 1915ರ ನವೆಂಬರ್‌ನಲ್ಲಿ ಹೈಟಿಯ ರಿವಿಯೇರ್ ಕೋಟೆಯನ್ನು ಬಂಡುಕೋರರಿಂದ ಕಸಿದುಕೊಂಡದ್ದಕ್ಕೆ.

ಹೈಟಿಯ ಅಧ್ಯಾಯದಲ್ಲಿ ಸ್ವಲ್ಪ ನಿಲ್ಲಬೇಕು, ಅವರ ಅಭಿಮಾನಿಗಳು ಅವಸರದಿಂದ ದಾಟಿಹೋಗುವ ಜಾಗ ಇದು. 1914ರ ಡಿಸೆಂಬರ್‌ನಲ್ಲಿ ಮರೀನ್‌ಗಳು ಹೈಟಿಯ ರಾಷ್ಟ್ರೀಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನವನ್ನು ಯುದ್ಧನೌಕೆಗೆ ಸಾಗಿಸಿದರು, ಅದು ನ್ಯೂಯಾರ್ಕಿನ ನ್ಯಾಷನಲ್ ಸಿಟಿ ಬ್ಯಾಂಕಿಗೆ ಸೇರಿತು. 1915ರ ಜುಲೈನಲ್ಲಿ ಹೈಟಿಯ ಅಧ್ಯಕ್ಷರ ಕೊಲೆಯಾದಾಗ ಅಮೆರಿಕ ಇಡೀ ದೇಶವನ್ನೇ ಆಕ್ರಮಿಸಿಕೊಂಡಿತು. ಅಲ್ಲಿ 'ಜೆಂಡಾರ್ಮರಿ' ಎಂಬ ಅರೆಸೈನಿಕ ಪಡೆಯನ್ನು ಕಟ್ಟಿ ಅದರ ಮುಖ್ಯಸ್ಥರಾದವರು ಬಟ್ಲರ್. ರಸ್ತೆ ಮಾಡಿಸಲು ಹತ್ತೊಂಬತ್ತನೆಯ ಶತಮಾನದ ಹಳೆಯ ಕಾನೂನೊಂದನ್ನು ಎತ್ತಿಕೊಂಡು ರೈತರನ್ನು ಬಿಟ್ಟಿ ದುಡಿಮೆಗೆ ಹಚ್ಚುವ ಪದ್ಧತಿಯನ್ನು ಅವರ ಪಡೆ ಜಾರಿಗೆ ತಂದಿತು. ಗುಲಾಮಗಿರಿಯ ವಿರುದ್ಧ ದಂಗೆಯೆದ್ದು ಸ್ವಾತಂತ್ರ್ಯ ಪಡೆದ ದೇಶದಲ್ಲಿ ಹಗ್ಗ ಕಟ್ಟಿ ಜನರನ್ನು ಕೆಲಸಕ್ಕೆ ಎಳೆದೊಯ್ಯುವುದು ಎಂಥ ನೆನಪನ್ನು ಕೆದಕಿರಬಹುದೆಂಬುದನ್ನು ವಿವರಿಸಬೇಕಾಗಿಲ್ಲ. 1917ರಲ್ಲಿ ವಿದೇಶಿಯರಿಗೆ ಭೂಮಿಯ ಒಡೆತನ ಕೊಡುವ ಹೊಸ ಸಂವಿಧಾನವನ್ನು ಹೈಟಿಯ ಶಾಸನಸಭೆ ಒಪ್ಪದಿದ್ದಾಗ ಆ ಸಭೆಯನ್ನು ವಿಸರ್ಜಿಸುವ ಆಜ್ಞೆಯನ್ನು ತಮ್ಮ ಪಡೆಯೊಂದಿಗೆ ಸ್ವತಃ ಒಯ್ದವರೂ ಅವರೇ. ಬಿಟ್ಟಿ ದುಡಿಮೆಯ ಮೇಲಿನ ಆಕ್ರೋಶ, ಅವರು ಅಲ್ಲಿಂದ ಹೊರಟ ವರ್ಷವಾದ 1918ರಲ್ಲಿ, ಶಾರ್ಲಮೇನ್ ಪೆರಾಲ್ತ್ ನಾಯಕತ್ವದ ದೊಡ್ಡ ದಂಗೆಯಾಗಿ ಸಿಡಿಯಿತು.

ಮೊದಲ ಮಹಾಯುದ್ಧದಲ್ಲಿ ಬಟ್ಲರ್ ಅವರಿಗೆ ರಣರಂಗ ಸಿಗಲಿಲ್ಲ. ಬದಲಿಗೆ ಫ್ರಾನ್ಸಿನ ಬ್ರೆಸ್ಟ್ ಬಂದರಿನ ಬಳಿಯ ಪಾಂಟನಜೆನ್ ಶಿಬಿರದ ಹೊಣೆ ಸಿಕ್ಕಿತು. ಕೆಸರು, ಕಾಯಿಲೆ, ಊಟದ ಕೊರತೆಗಳಿಂದ ನರಳುತ್ತಿದ್ದ ಆ ಶಿಬಿರದಲ್ಲಿ ಯುದ್ಧಕ್ಕೆ ಬರುವ ಮತ್ತು ಊರಿಗೆ ಮರಳುವ ಅಮೆರಿಕದ ಯೋಧರು ತಂಗುತ್ತಿದ್ದರು. ಕಂದಕಗಳಲ್ಲಿ ಹಾಸಲೆಂದು ಬಂದರಿನಲ್ಲಿ ರಾಶಿ ಬಿದ್ದಿದ್ದ ಮರದ ಹಲಗೆಗಳನ್ನು ತಂದು ಕೆಸರಿನ ಮೇಲೆ ಹಾಸಿಸಿದ ಬಟ್ಲರ್, ಸಾಮಾನ್ಯ ಸಿಪಾಯಿಗಳ ಪ್ರೀತಿಗೆ ಪಾತ್ರರಾದರು. ಯೋಧನ ಊಟ, ಹೊದಿಕೆ, ಕಾಲಿನ ಬೂಟುಗಳೇ ಸೇನಾಡಳಿತದ ನಿಜವಾದ ಪರೀಕ್ಷೆ ಎಂಬ ಅಲ್ಲಿನ ದೃಷ್ಟಿ ಅವರ ಮುಂದಿನ ಎಲ್ಲ ಬರಹಕ್ಕೂ ತಳಹದಿಯಾಯಿತು. ಆನಂತರ 1924 ಮತ್ತು 1925ರಲ್ಲಿ ರಜೆಯ ಮೇಲೆ ಫಿಲಡೆಲ್ಫಿಯಾ ನಗರದ ಸಾರ್ವಜನಿಕ ಸುರಕ್ಷತೆಯ ನಿರ್ದೇಶಕರಾಗಿದ್ದಾಗ ಇನ್ನೊಂದು ಪಾಠ ಸಿಕ್ಕಿತು. ಪಾನನಿಷೇಧದ ಆ ಕಾಲದಲ್ಲಿ ಬಡವರ ಗಲ್ಲಿಗಳ ಕಳ್ಳ ಹೆಂಡದಂಗಡಿಗಳ ಮೇಲೆ ದಾಳಿ ಮಾಡಿದಾಗ ನಗರದ ಗಣ್ಯರು ಹೊಗಳಿದರು. ಅದೇ ಕಾನೂನನ್ನು ಅವರು ಶ್ರೀಮಂತರು ಕೂಡುವ ದೊಡ್ಡ ಹೋಟೆಲುಗಳಿಗೂ ಅನ್ವಯಿಸಲು ಹೊರಟಾಗ ಹುದ್ದೆ ಉಳಿಯಲಿಲ್ಲ.

ಹೊರಗೆ ಮಾತಾಡುವ ಅಭ್ಯಾಸ ಆರಂಭವಾದದ್ದು 1928ರಲ್ಲಿ ತಂದೆ ತೀರಿಕೊಂಡ ಬಳಿಕ ಎಂಬುದು ಗಮನಿಸಬೇಕಾದ ಸಂಗತಿ, ಅದರ ಜೊತೆಗೇ ರಾಜಕೀಯ ರಕ್ಷಣೆಯೂ ಹೋಗಿತ್ತು. 1929ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಾಡಿದ ಭಾಷಣದಲ್ಲಿ ನಿಕರಾಗುವಾದ ಚುನಾವಣೆಗಳಲ್ಲಿ ಎದುರಾಳಿ ಅಭ್ಯರ್ಥಿಗಳನ್ನು ಡಕಾಯಿತರೆಂದು ಘೋಷಿಸಿ ತಮಗೆ ಬೇಕಾದವರನ್ನು ಗೆಲ್ಲಿಸಿಕೊಳ್ಳುತ್ತಿದ್ದ ಬಗೆಯನ್ನು ಅವರು ಬಿಡಿಸಿ ಹೇಳಿ ಸರ್ಕಾರದ ಕೋಪಕ್ಕೆ ಗುರಿಯಾದರು. ಮುಂದಿನ ವರ್ಷ ಮರೀನ್ ಪಡೆಯ ದಂಡನಾಯಕರ ಹುದ್ದೆ ತೆರವಾದಾಗ ಮೇಜರ್ ಜನರಲ್‌ಗಳಲ್ಲಿ ಅತ್ಯಂತ ಹಿರಿಯರಾಗಿದ್ದರೂ ಅದು ಅವರಿಗೆ ದಕ್ಕಲಿಲ್ಲ. 1931ರ ಜನವರಿಯಲ್ಲಿ ಇಟಲಿಯ ಸರ್ವಾಧಿಕಾರಿ ಮುಸ್ಸೊಲಿನಿಯ ಕಾರು ಮಗುವೊಂದರ ಮೇಲೆ ಹರಿದರೂ ಆತ ನಿಲ್ಲಿಸದೆ ಹೋದ ಎಂಬ, ತಾವು ಬೇರೆಯವರಿಂದ ಕೇಳಿದ ಕಥೆಯನ್ನು ಸಭೆಯೊಂದರಲ್ಲಿ ಹೇಳಿದರು. ಇಟಲಿ ಪ್ರತಿಭಟಿಸಿತು, ಅಮೆರಿಕ ಕ್ಷಮೆ ಕೇಳಿತು, ಅಧ್ಯಕ್ಷ ಹೂವರ್ ಅವರ ಸರ್ಕಾರ ಬಟ್ಲರ್ ಅವರನ್ನು ಬಂಧನದಲ್ಲಿರಿಸಿ ಕೋರ್ಟ್ ಮಾರ್ಷಲ್‌ಗೆ ಆದೇಶಿಸಿತು. ಸಾರ್ವಜನಿಕರ ಒಲವು ಜನರಲ್ ಕಡೆಗಿದ್ದುದರಿಂದ ಪ್ರಕರಣ ಬರಿಯ ಛೀಮಾರಿಯಲ್ಲಿ ಮುಗಿಯಿತು. ಅದೇ ವರ್ಷ ಅಕ್ಟೋಬರ್ 1ರಂದು ಅವರು ನಿವೃತ್ತರಾದರು. ಅಸಮಾಧಾನವಿತ್ತೇ? ಖಂಡಿತ ಇತ್ತು. ಆದರೆ ಆಗಲೂ ಅವರು ರಿಪಬ್ಲಿಕನ್ ಪಕ್ಷದವರೇ. 1932ರ ವಸಂತದಲ್ಲಿ ಅದೇ ಪಕ್ಷದಿಂದ ಸೆನೆಟ್ ಸ್ಥಾನದ ಅಭ್ಯರ್ಥಿಯಾಗಲು ಪಾನನಿಷೇಧದ ಪರವಾಗಿ ನಿಂತು ಹೀನಾಯವಾಗಿ ಸೋತರು. ಹುದ್ದೆ ತಪ್ಪಿದ ಸಿಟ್ಟೇ ಅವರ ಮುಂದಿನ ನಿಲುವಿಗೆ ಕಾರಣ ಎನ್ನುವವರು ಈ ನಡುವಿನ ಹಂತಕ್ಕೆ ಉತ್ತರ ಕೊಡಬೇಕಾಗುತ್ತದೆ.

ನಿರ್ಣಾಯಕ ತಿರುವು ಬಂದದ್ದು ಆ ಬೇಸಿಗೆಯಲ್ಲಿ. ಮಹಾಯುದ್ಧದಲ್ಲಿ ದುಡಿದವರಿಗೆ ದೇಶದೊಳಗಿನ ಸೇವೆಗೆ ದಿನಕ್ಕೆ 1 ಡಾಲರ್, ಹೊರದೇಶದ ಸೇವೆಗೆ 1.25 ಡಾಲರ್ ಲೆಕ್ಕದಲ್ಲಿ ಪರಿಹಾರ ಕೊಡುವ ಕಾನೂನು 1924ರಲ್ಲಿ ಆಗಿತ್ತು. ಆದರೆ ಬಹುಪಾಲು ಜನರಿಗೆ ಆ ಹಣ ಕೈಗೆ ಸಿಗಬೇಕಾದದ್ದು 1945ರಲ್ಲಿ. ಮಹಾ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಸಾವಿರಾರು ಮಾಜಿ ಸೈನಿಕರು ಆ ಹಣವನ್ನು ಈಗಲೇ ಕೊಡಿ ಎಂದು ಹೆಂಡತಿ ಮಕ್ಕಳೊಂದಿಗೆ ವಾಷಿಂಗ್ಟನ್ನಿಗೆ ಬಂದು ಅನಕೋಸ್ಟಿಯಾ ನದಿಯ ಬಯಲಿನಲ್ಲಿ ಬಿಡಾರ ಹೂಡಿದರು. ಜೂನ್ 17ರಂದು ಸೆನೆಟ್ ಅವರ ಬೇಡಿಕೆಯ ಮಸೂದೆಯನ್ನು ತಿರಸ್ಕರಿಸಿತು. ಜುಲೈನಲ್ಲಿ ಬಟ್ಲರ್ ಅಲ್ಲಿಗೆ ಹೋಗಿ ಅಂಗಿಯ ತೋಳು ಮಡಚಿ ನಿಂತು, ಕಾನೂನು ಮೀರಬೇಡಿ, ಆದರೆ ಹಕ್ಕನ್ನೂ ಬಿಡಬೇಡಿ ಎಂಬ ಧಾಟಿಯಲ್ಲಿ ಮಾತಾಡಿದರು. ಜುಲೈ 28ರಂದು ಜನರಲ್ ಡಗ್ಲಸ್ ಮೆಕಾರ್ಥರ್ ನೇತೃತ್ವದಲ್ಲಿ ಸೇನೆ ಕುದುರೆ, ಟ್ಯಾಂಕು, ಅಶ್ರುವಾಯುಗಳೊಂದಿಗೆ ನುಗ್ಗಿ ಜನರನ್ನು ಅಟ್ಟಿತು, ಗುಡಿಸಲುಗಳು ಸುಟ್ಟುಹೋದವು. ಆ ವರ್ಷದ ಚುನಾವಣೆಯಲ್ಲಿ ಬಟ್ಲರ್ ಬಹಿರಂಗವಾಗಿ ಹೂವರ್ ವಿರುದ್ಧ ನಿಂತು ಡೆಮಾಕ್ರಟಿಕ್ ಪಕ್ಷದ ರೂಸ್‌ವೆಲ್ಟ್ ಅವರನ್ನು ಬೆಂಬಲಿಸಿದರು.

ಇಲ್ಲಿ ಆದದ್ದೇನು? ಅದುವರೆಗೆ ಅವರ ಮನಸ್ಸಿನಲ್ಲಿ ಎರಡು ಬೇರೆಬೇರೆ ತಿಳಿವುಗಳಿದ್ದವು. ಪರದೇಶದ ಕಾರ್ಯಾಚರಣೆಗಳ ಹಿಂದೆ ಹಣವಿದೆ ಎಂಬುದು ಒಂದು, ಸಾಮಾನ್ಯ ಯೋಧನಿಗೆ ಸರ್ಕಾರ ಮಾತು ಉಳಿಸಿಕೊಳ್ಳುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಹಳೆಯದು, ಆದರೆ ಅದರಲ್ಲಿ ನೊಂದವರು ಪರಕೀಯರಾದ್ದರಿಂದ ಅದು ಪತ್ರಗಳಲ್ಲೇ ಉಳಿದಿತ್ತು. 1932ರಲ್ಲಿ ನೊಂದವರು ತನ್ನವರೇ ಆದಾಗ ಎರಡೂ ಕೂಡಿಕೊಂಡವು: ಯಾರ ಲಾಭಕ್ಕಾಗಿ ಇವರು ದೇಹ ಒಡ್ಡಿದರೋ ಅವರಿಗೆ ಹಣ ತಡವಿಲ್ಲದೆ ಸಂದಿತ್ತು, ದೇಹ ಒಡ್ಡಿದವರಿಗೆ 1945ರವರೆಗೆ ಕಾಯಲು ಹೇಳಲಾಗಿತ್ತು. ಮುಂದಿನ ವರ್ಷಗಳ ಭಾಷಣಗಳೆಲ್ಲ ಈ ಜೋಡಣೆಯ ವಿಸ್ತರಣೆ.

ಮಾಜಿ ಸೈನಿಕರಲ್ಲಿ ಅವರಿಗಿದ್ದ ಪ್ರಭಾವವನ್ನು ಬೇರೆಯವರೂ ಗಮನಿಸಿದ್ದರು. 1934ರ ನವೆಂಬರ್‌ನಲ್ಲಿ ಪ್ರತಿನಿಧಿ ಸಭೆಯ ವಿಶೇಷ ಸಮಿತಿಯ ಮುಂದೆ ಅವರು ಪ್ರಮಾಣ ಮಾಡಿ ಹೇಳಿದ ಸಾಕ್ಷ್ಯದ ಸಾರ ಹೀಗಿದೆ: ಜೆರಾಲ್ಡ್ ಮಗ್ವಾಯರ್ ಎಂಬ ಬಾಂಡ್ ವ್ಯಾಪಾರಿ ತಮ್ಮನ್ನು ಮತ್ತೆ ಮತ್ತೆ ಕಂಡು, ಮೊದಲು ಡಾಲರಿನ ಬೆಲೆಯನ್ನು ಚಿನ್ನಕ್ಕೆ ಕಟ್ಟಿಡುವ ಚಿನ್ನದ ಮಾನದಂಡದ ಪರವಾಗಿ ಭಾಷಣ ಮಾಡಲು ಕೇಳಿದ, ಆಮೇಲೆ 5 ಲಕ್ಷ ಮಾಜಿ ಸೈನಿಕರ ಸಂಘಟನೆ ಕಟ್ಟಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಅಧಿಕಾರವನ್ನು ಕೈಗೆತ್ತಿಕೊಳ್ಳುವ ಪ್ರಸ್ತಾಪವನ್ನಿಟ್ಟ. ಮಗ್ವಾಯರ್ ಎಲ್ಲವನ್ನೂ ಅಲ್ಲಗಳೆದ. ಪ್ರಮುಖ ಪತ್ರಿಕೆಗಳು ಇದನ್ನು ನಕ್ಕು ತಳ್ಳಿಹಾಕಿದವು. ಆದರೆ ಸಮಿತಿ 1935ರ ಫೆಬ್ರುವರಿಯ ವರದಿಯಲ್ಲಿ ಇಂಥ ಪ್ರಯತ್ನದ ಚರ್ಚೆ ಮತ್ತು ಯೋಜನೆ ನಡೆದಿತ್ತು ಎಂಬುದರಲ್ಲಿ ಸಂಶಯವಿಲ್ಲ ಎಂದಿತು. ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಯೋಜನೆ ಬಾಯಿಮಾತಿನಿಂದ ಎಷ್ಟು ಮುಂದಕ್ಕೆ ಹೋಗಿತ್ತು, ಅದರ ಹಿಂದೆ ನಿಜಕ್ಕೂ ಯಾರಿದ್ದರು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಬಟ್ಲರ್ ಅವರಿಗಂತೂ ಇದು ತಮ್ಮ ವಾದಕ್ಕೆ ಸಿಕ್ಕ ಪುರಾವೆಯಾಗಿತ್ತು. ಹೊರದೇಶಗಳಲ್ಲಿ ತಾವು ಮಾಡಿದ ಕೆಲಸವನ್ನು ಸ್ವದೇಶದಲ್ಲಿ ಮಾಡಿಕೊಡಲು ಕೇಳಿಕೊಂಡು ಜನ ಬಂದಿದ್ದರಲ್ಲ!

1935ರಲ್ಲಿ ಬಂದ 'ವಾರ್ ಈಸ್ ಎ ರ‍್ಯಾಕೆಟ್' (ಯುದ್ಧವೊಂದು ದಂಧೆ) ಎಂಬ ಅವರ ಪುಟ್ಟ ಪುಸ್ತಕ ಈ ವಾದವನ್ನು ಲೆಕ್ಕಪತ್ರದ ರೂಪಕ್ಕೆ ತರುತ್ತದೆ. ಅದರ ಪ್ರಕಾರ ಸಿಡಿಮದ್ದು ತಯಾರಿಸುತ್ತಿದ್ದ ಡ್ಯುಪಾಂಟ್ ಕಂಪನಿಯ ಲಾಭ ಯುದ್ಧಕ್ಕೆ ಮುಂಚೆ ವರ್ಷಕ್ಕೆ ಸರಾಸರಿ 60 ಲಕ್ಷ ಡಾಲರ್ ಇದ್ದದ್ದು ಯುದ್ಧದ ವರ್ಷಗಳಲ್ಲಿ 5 ಕೋಟಿ 80 ಲಕ್ಷಕ್ಕೇರಿತು, ಬೆತ್ಲೆಹೆಮ್ ಸ್ಟೀಲ್‌ನದು 60 ಲಕ್ಷದಿಂದ 4 ಕೋಟಿ 90 ಲಕ್ಷಕ್ಕೆ. 40 ಲಕ್ಷ ಯೋಧರಿಗಾಗಿ ಮೂರೂವರೆ ಕೋಟಿ ಜೊತೆ ಬೂಟುಗಳನ್ನು ಸರ್ಕಾರಕ್ಕೆ ಮಾರಲಾಯಿತು. ಫ್ರಾನ್ಸಿನಲ್ಲಿರುವ ಯೋಧರಿಗೆಂದು ಮಾರಿದ 2 ಕೋಟಿ ಸೊಳ್ಳೆಪರದೆಗಳಲ್ಲಿ ಒಂದೂ ಅಲ್ಲಿಗೆ ತಲುಪಲಿಲ್ಲ. ಇನ್ನೊಂದು ಕಡೆ ತಿಂಗಳಿಗೆ 30 ಡಾಲರ್ ಸಂಬಳದ ಯೋಧನಿಂದ ಕುಟುಂಬದ ಪಾಲು, ವಿಮೆಯ ಕಂತು, ಯುದ್ಧ ಸಾಲಪತ್ರದ ಕಂತುಗಳೆಲ್ಲ ಕಳೆದು ಕೈಯಲ್ಲಿ ಉಳಿಯುತ್ತಿದ್ದುದು ಏನೂ ಇಲ್ಲ. ಇವು ಅವರು ಕೊಡುವ ಅಂಕಿಗಳು, ಭಾಷಣಕಾರನ ಉತ್ಸಾಹವೂ ಅವುಗಳಲ್ಲಿ ಬೆರೆತಿದೆ. ಆದರೆ ಯುದ್ಧಲಾಭದ ಪ್ರಶ್ನೆ ಅವರೊಬ್ಬರದಾಗಿರಲಿಲ್ಲ: ಸೆನೆಟರ್ ಜೆರಾಲ್ಡ್ ನೈ ಅವರ ಸಮಿತಿ 1934ರಿಂದ 1936ರವರೆಗೆ ಶಸ್ತ್ರಾಸ್ತ್ರ ಉದ್ಯಮದ ವಿಚಾರಣೆಯನ್ನೇ ನಡೆಸುತ್ತಿತ್ತು.

ಪುಸ್ತಕ ಸೂಚಿಸುವ ಪರಿಹಾರಗಳಲ್ಲಿ ಸೈನಿಕನ ಮನಸ್ಸು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಯುವಕರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸುವ ಒಂದು ತಿಂಗಳು ಮೊದಲೇ ಬಂಡವಾಳವನ್ನೂ ಕೈಗಾರಿಕೆಯನ್ನೂ ಕಡ್ಡಾಯ ಸೇವೆಗೆ ತರಬೇಕು, ಕಂಪನಿಯ ಮುಖ್ಯಸ್ಥರಿಂದ ಹಿಡಿದು ಸಂಸದರವರೆಗೆ ಎಲ್ಲರಿಗೂ ಯೋಧನಷ್ಟೇ ಸಂಬಳ ಕೊಡಬೇಕು. ಯುದ್ಧ ಬೇಕೇ ಬೇಡವೇ ಎಂಬ ಮತದಾನದಲ್ಲಿ ಹೋರಾಡಬೇಕಾದವರಿಗೆ ಮಾತ್ರ ಹಕ್ಕಿರಬೇಕು. ಯುದ್ಧನೌಕೆಗಳು ದೇಶದ ಕರಾವಳಿಯಿಂದ 200 ಮೈಲಿಗಿಂತ ಆಚೆ ಹೋಗದಂತೆ ಕಾನೂನಾಗಬೇಕು. ಇವುಗಳಲ್ಲಿ ಮತದಾನದ ಸಲಹೆಗೆ ಹತ್ತಿರವಾದ ಒಂದು ಸಂವಿಧಾನ ತಿದ್ದುಪಡಿ, ಯುದ್ಧ ಘೋಷಣೆಗೆ ಜನಮತಗಣನೆ ಬೇಕೆನ್ನುವ ಲಡ್ಲೋ ಪ್ರಸ್ತಾಪ, 1938ರ ಜನವರಿಯಲ್ಲಿ ಪ್ರತಿನಿಧಿ ಸಭೆಯಲ್ಲಿ 188ಕ್ಕೆ ಎದುರಾಗಿ 209 ಮತಗಳಿಂದ ಚರ್ಚೆಗೆ ಬರದೆ ಬಿದ್ದುಹೋಯಿತು. ಆ ಕಾಲದ ಜನಾಭಿಪ್ರಾಯ ಬಟ್ಲರ್ ಅವರಿಗೆ ಎಷ್ಟು ಹತ್ತಿರವಿತ್ತೆಂಬುದಕ್ಕೆ ಆ ಅಂತರವೇ ಅಳತೆ.

ಅವರ ವಾದ ಎಡವುವ ಜಾಗವೂ ಇಲ್ಲಿಯೇ ಇದೆ. ಕೆರಿಬಿಯನ್ ದ್ವೀಪಗಳ, ಮಧ್ಯ ಅಮೆರಿಕದ ಅನುಭವದಿಂದ ಕಟ್ಟಿದ ವಿವರಣೆಯನ್ನು ಅವರು ಎಲ್ಲ ಯುದ್ಧಗಳಿಗೂ ಹೊಂದಿಸಿದರು. ಸಾಲ, ಸುಂಕ, ಹಣ್ಣಿನ ಕಂಪನಿಗಳ ಲೆಕ್ಕದಲ್ಲಿ ಹೊಂಡುರಾಸ್ ಅರ್ಥವಾಗುತ್ತದೆ, ಹಿಟ್ಲರನ ಜರ್ಮನಿ ಅರ್ಥವಾಗುವುದಿಲ್ಲ. ಯುದ್ಧ ಮತ್ತು ಫ್ಯಾಸಿಸಂ ಎರಡನ್ನೂ ವಿರೋಧಿಸುವ ವೇದಿಕೆಗಳಲ್ಲಿ ಅವರು ಮಾತಾಡುತ್ತಿದ್ದರು, ಆದರೆ ಒಂದನ್ನು ತಡೆಯಲು ಇನ್ನೊಂದು ಬೇಕಾದೀತು ಎಂಬ ಪ್ರಶ್ನೆ ಎದುರಾದಾಗ ಯುರೋಪಿನ ಯುದ್ಧದಿಂದ ದೂರವಿರಬೇಕೆಂಬ ಪಕ್ಷಕ್ಕೇ ಅಂಟಿಕೊಂಡರು. 1940ರ ಜೂನ್ 21ರಂದು ಅವರು ಫಿಲಡೆಲ್ಫಿಯಾದ ನೌಕಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುದಿನ ಫ್ರಾನ್ಸ್ ಜರ್ಮನಿಯೊಂದಿಗೆ ಕದನವಿರಾಮಕ್ಕೆ ಸಹಿ ಹಾಕಿತು.

ಇನ್ನೊಂದು ಕೊರತೆ ಹೆಚ್ಚು ಆಳದ್ದು. ಅವರ ಲೆಕ್ಕಪತ್ರದಲ್ಲಿ ಜಮೆಯ ಕಡೆ ಬ್ಯಾಂಕುದಾರನಿದ್ದಾನೆ, ಖರ್ಚಿನ ಕಡೆ ಅಮೆರಿಕದ ಯೋಧ ಮತ್ತು ತೆರಿಗೆದಾರ ಇದ್ದಾರೆ. ಹೈಟಿಯ ಬಿಟ್ಟಿ ದುಡಿಮೆಯ ರೈತನಿಗೆ ಅದರಲ್ಲಿ ಅಂಕಣವಿಲ್ಲ. ಹೈಟಿಯನ್ನು ಬ್ಯಾಂಕಿನವರು ವಸೂಲಿ ಮಾಡಲು ಅನುಕೂಲವಾದ ಜಾಗವನ್ನಾಗಿ ಮಾಡಿಕೊಟ್ಟೆ ಎಂದು ಅವರು ಒಪ್ಪಿಕೊಂಡರೇ ಹೊರತು, ಹೇಗೆ ಮಾಡಿಕೊಟ್ಟೆ ಎಂಬುದನ್ನು ಬಿಡಿಸಲಿಲ್ಲ. 1921ರಲ್ಲಿ ಸೆನೆಟ್ ವಿಚಾರಣಾ ಸಮಿತಿಯ ಮುಂದೆ ಹೈಟಿಯ ಬರಿಗಾಲಿನ ಬಡವರನ್ನು ಮೆಚ್ಚಿ ಮಾತಾಡಿದ್ದರು, ಆದರೆ ಅದು ಆಳುವವನ ಮೆಚ್ಚುಗೆ. ಬದಲಾದ ಬಟ್ಲರ್ ಕೂಡ ತಾವು ಯಾರ ಕೈಯ ಆಯುಧವಾಗಿದ್ದೆವೆಂಬುದನ್ನು ಹೇಳಿದಷ್ಟು ಬಿಚ್ಚಿ, ಆ ಆಯುಧ ಯಾರ ಮೇಲೆ ಬಿತ್ತೆಂಬುದನ್ನು ಹೇಳಲಿಲ್ಲ.

ಆದರೂ ಅವರು ತೋರಿಸಿಕೊಟ್ಟ ಯಂತ್ರದ ಚಿತ್ರ ಸರಿಯಾಗಿಯೇ ಇತ್ತು. ಮರೀನ್‌ಗಳು ಹೈಟಿಯನ್ನು ಬಿಟ್ಟದ್ದು 1934ರ ಆಗಸ್ಟ್‌ನಲ್ಲಿ. ನ್ಯಾಷನಲ್ ಸಿಟಿ ಬ್ಯಾಂಕ್ ಅಲ್ಲಿನ ರಾಷ್ಟ್ರೀಯ ಬ್ಯಾಂಕನ್ನು ಹೈಟಿ ಸರ್ಕಾರಕ್ಕೆ ಮಾರಿದ್ದು ಮರುವರ್ಷ. ಆ ದೇಶದ ಹಣಕಾಸಿನ ಮೇಲೆ ಸಾಲದ ಹೆಸರಿನಲ್ಲಿದ್ದ ಅಮೆರಿಕದ ಹಿಡಿತ ಮಾತ್ರ, ಬಟ್ಲರ್ ತೀರಿಕೊಂಡ ಏಳು ವರ್ಷಗಳ ನಂತರ, 1947ರಲ್ಲಿ ಸಾಲ ತೀರುವವರೆಗೂ ಮುಂದುವರಿಯಿತು.